ವಿದೇಶ ಪ್ರಯಾಣಿಕರ ನಿತ್ಯದ ಮಾತ್ರೆಗಳ ಬಗ್ಗೆಯೂ ಯಾರಾದರೂ ಯೋಚಿಸಲಿ

ಮಾನ್ಯ ಸಂಪಾದಕರೇ,

ವಿದೇಶ ಪ್ರಯಾಣದಲ್ಲಿ ಆರೋಗ್ಯ ಕೆಟ್ಟರೆ ಏನು ಮಾಡಬೇಕು ಎಂಬ ಚರ್ಚೆ ಬಂದಾಗಲೆಲ್ಲ ಅದು ತುರ್ತು ಚಿಕಿತ್ಸೆಯ ಸುತ್ತಲೇ ಸುತ್ತುತ್ತದೆ. ಹೃದಯಾಘಾತವಾದರೆ ಏನು ಗತಿ, ಕಾಲು ಮುರಿದರೆ ಆಸ್ಪತ್ರೆಯ ಖರ್ಚು ಯಾರು ಭರಿಸಬೇಕು, ವಿಮೆಯ ಮೊತ್ತ ಸಾಕಾಗುತ್ತದೆಯೇ ಎಂಬ ಪ್ರಶ್ನೆಗಳೆಲ್ಲ ಅಗತ್ಯವಾದವೇ. ಆದರೆ ಔಷಧ ವಿತರಣೆಯ ವೃತ್ತಿಯಲ್ಲಿ ಬಹುಕಾಲ ಕಳೆದ ನನ್ನ ತಿಳಿವಳಿಕೆಯ ಮಟ್ಟಿಗೆ ಹೇಳುವುದಾದರೆ, ಪ್ರಯಾಣಿಕರು ಹೆಚ್ಚಾಗಿ ಕಂಗೆಡುವುದು ಇದಕ್ಕಿಂತ ಸಣ್ಣದಾಗಿ ಕಾಣುವ ತೊಂದರೆಗಳಿಂದ. ಪ್ರತಿದಿನ ಬೆಳಿಗ್ಗೆ ನುಂಗಬೇಕಾದ ಮಾತ್ರೆ ಮುಗಿದುಹೋಗುತ್ತದೆ, ಮಾತ್ರೆ ಇದ್ದ ಬ್ಯಾಗು ಬೇರೊಂದು ವಿಮಾನ ಹತ್ತಿ ಇನ್ನೆಲ್ಲಿಗೋ ಹೋಗುತ್ತದೆ, ಇಲ್ಲವೇ ವೈದ್ಯರೇ ಬರೆದುಕೊಟ್ಟ ಮಾತ್ರೆಯನ್ನು ನಿಷೇಧಿತ ವಸ್ತುವೆಂದು ಕಸ್ಟಮ್ಸ್ ಅಧಿಕಾರಿ ತೆಗೆದಿರಿಸುತ್ತಾರೆ. ತುರ್ತು ಸ್ಥಿತಿಗೆ ಜಗತ್ತಿನ ಬಹುತೇಕ ಕಡೆ ಹೇಗೋ ಒಂದು ವ್ಯವಸ್ಥೆ ಇದೆ. ನಿತ್ಯದ ಮಾತ್ರೆಗೆ ಅಂಥ ವ್ಯವಸ್ಥೆ ಇಲ್ಲ. ಇದನ್ನು ಸಂಬಂಧಪಟ್ಟವರ ಗಮನಕ್ಕೆ ತರಬೇಕೆಂದು ಈ ಪತ್ರ.

ತುರ್ತು ಚಿಕಿತ್ಸೆಗೆ ವ್ಯವಸ್ಥೆ ಇದೆ ಎಂದೆನಷ್ಟೆ. ಐರೋಪ್ಯ ಒಕ್ಕೂಟದ ಯಾವ ದೇಶದಲ್ಲಿದ್ದರೂ 112ಕ್ಕೆ ಕರೆ ಮಾಡಿ ಆಂಬುಲೆನ್ಸ್ ಕರೆಸಬಹುದು. ಅಮೆರಿಕದಲ್ಲಿ 1986ರ ಕಾನೂನಿನಂತೆ, ತುರ್ತು ವಿಭಾಗವಿರುವ ಬಹುಪಾಲು ಆಸ್ಪತ್ರೆಗಳು ಬಂದವರ ಬಳಿ ಹಣವಿದೆಯೇ, ಅವರು ಯಾವ ದೇಶದವರು ಎಂದು ನೋಡದೆ ಪರೀಕ್ಷಿಸಿ, ಸ್ಥಿತಿ ಸ್ಥಿರವಾಗುವವರೆಗೆ ಚಿಕಿತ್ಸೆ ಕೊಡಲೇಬೇಕು. ಬಿಲ್ಲು ಆಮೇಲೆ ಬಂದೇ ಬರುತ್ತದೆ, ಅದು ಬೇರೆ ಮಾತು. ಇಂಗ್ಲೆಂಡಿನಲ್ಲಿ ಸರ್ಕಾರಿ ಆಸ್ಪತ್ರೆಯ ಅಪಘಾತ ಮತ್ತು ತುರ್ತು ವಿಭಾಗದೊಳಗೆ ಕೊಡುವ ಚಿಕಿತ್ಸೆ ಪರದೇಶದವರಿಗೂ ಉಚಿತ. ಒಳರೋಗಿಯಾಗಿ ಸೇರಿಸಿಕೊಂಡರೆ ಮಾತ್ರ ಅಲ್ಲಿಂದ ಮುಂದಕ್ಕೆ ಲೆಕ್ಕ ಶುರುವಾಗುತ್ತದೆ, ಅದೂ ಸಾಮಾನ್ಯ ದರದ ಒಂದೂವರೆ ಪಟ್ಟು. ಯುರೋಪಿನ ಬಹುಪಾಲು ದೇಶಗಳಿಗೆ ಒಂದಾಗಿ ಸಿಗುವ ಷೆಂಗೆನ್ ವೀಸಾ ಬೇಕೆಂದರೆ ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಆ ನಿಯಮವನ್ನು ಓದಿ ನೋಡಿದರೆ, ವಿಮೆ ಯಾವುದಕ್ಕೆ ಎಂಬುದನ್ನು ಅದು ಸ್ಪಷ್ಟವಾಗಿ ಹೇಳುತ್ತದೆ: ತುರ್ತು ವೈದ್ಯಕೀಯ ನೆರವು, ತುರ್ತು ಆಸ್ಪತ್ರೆ ಚಿಕಿತ್ಸೆ, ಸಾವು, ಮತ್ತು ಅನಾರೋಗ್ಯದ ಕಾರಣ ಸ್ವದೇಶಕ್ಕೆ ಮರಳಿಸುವ ವೆಚ್ಚ. ರಕ್ತದೊತ್ತಡದ ಮಾತ್ರೆ ಕಳೆದುಕೊಂಡು ದಿಕ್ಕು ತೋಚದೆ ನಿಂತವರ ಪ್ರಸ್ತಾಪ ಅದರಲ್ಲಿಲ್ಲ.

ಮಾತ್ರೆ ಎರಡು ದಿನ ತಪ್ಪಿದರೆ ಏನು ಮಹಾ ಎನ್ನುವವರಿದ್ದಾರೆ. ಕೊಲೆಸ್ಟರಾಲ್ ಮಾತ್ರೆಯ ವಿಷಯದಲ್ಲಿ ಆ ಮಾತು ಬಹುಮಟ್ಟಿಗೆ ನಿಜ. ಥೈರಾಯ್ಡ್ ಮಾತ್ರೆ ದೇಹದಲ್ಲಿ ನಿಧಾನವಾಗಿ ಕರಗುವಂಥದ್ದಾದ್ದರಿಂದ ಒಂದೆರಡು ದಿನದ ಅಂತರ ಅಷ್ಟಾಗಿ ಕಾಡುವುದಿಲ್ಲ. ಆದರೆ ಎಲ್ಲ ಔಷಧಗಳೂ ಹಾಗಲ್ಲ. ರಕ್ತದೊತ್ತಡಕ್ಕೆ ಕೊಡುವ ಕ್ಲೊನಿಡಿನ್ ಒಮ್ಮೆಲೇ ನಿಂತರೆ ಒತ್ತಡ ಮೊದಲಿಗಿಂತಲೂ ಮೇಲಕ್ಕೆ ಜಿಗಿಯಬಹುದು. ಹೃದ್ರೋಗಿಗಳಿಗೆ ಕೊಡುವ ಮೆಟೊಪ್ರೊಲಾಲ್‌ನಂಥ ಬೀಟಾ ಬ್ಲಾಕರ್ ಔಷಧಗಳನ್ನು ದಿಢೀರನೆ ಬಿಟ್ಟರೆ ಎದೆನೋವು ಮರುಕಳಿಸಬಹುದು. ಮೂರ್ಛೆರೋಗದವರಿಗೆ ತಪ್ಪಿದ ಒಂದೆರಡು ಡೋಸು, ಜೊತೆಗೆ ವಿಮಾನದಲ್ಲಿ ಕೆಟ್ಟ ನಿದ್ದೆ, ಇಷ್ಟೇ ಸಾಕು ಸೆಳವು ಬರಲು. ತಿಂಗಳುಗಟ್ಟಲೆ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿರುವವರ ದೇಹ ತನ್ನದೇ ಸ್ಟೀರಾಯ್ಡ್ ತಯಾರಿಸುವುದನ್ನು ಕಡಿಮೆ ಮಾಡಿರುತ್ತದೆ. ಮಾತ್ರೆ ಹಠಾತ್ತಾಗಿ ನಿಂತರೆ ಅವರ ಜೀವಕ್ಕೇ ಅಪಾಯ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೊಸ ಬಗೆಯ ಔಷಧಗಳ ಪರಿಣಾಮ ಒಂದೆರಡು ದಿನದಲ್ಲೇ ಇಳಿದುಹೋಗುತ್ತದೆ. ಇವರು ಯಾರೂ ಆಂಬುಲೆನ್ಸಿಗೆ ಕರೆ ಮಾಡಬೇಕಾದಷ್ಟು ಕೆಟ್ಟ ಸ್ಥಿತಿಯಲ್ಲಿರುವುದಿಲ್ಲ. ಮಾತ್ರೆ ಸಿಗದಿದ್ದರೆ ಕೆಲವು ದಿನಗಳಲ್ಲಿ ಆ ಸ್ಥಿತಿಗೆ ಬರಬಹುದು, ಅಷ್ಟೇ.

ಹಾಗಾದರೆ ಊರಿನ ವೈದ್ಯರು ಬರೆದುಕೊಟ್ಟ ಚೀಟಿಯನ್ನು ಹೋದ ದೇಶದ ಔಷಧ ಅಂಗಡಿಯಲ್ಲಿ ತೋರಿಸಿದರಾಗದೇ ಎಂದು ಕೇಳಬಹುದು. ಆಗುವುದಿಲ್ಲ, ಅಥವಾ ಆಗುತ್ತದೆಂದು ನಂಬಿ ಹೊರಡುವಂತಿಲ್ಲ. ಔಷಧ ಚೀಟಿಗೆ ಸಾಮಾನ್ಯವಾಗಿ ಬೆಲೆ ಬರುವುದು ಅದನ್ನು ಬರೆದ ವೈದ್ಯರು ಆ ದೇಶದಲ್ಲಿ ನೋಂದಾಯಿತರಾಗಿದ್ದರೆ. ಈ ಕಟ್ಟನ್ನು ಸ್ವಲ್ಪ ಸಡಿಲಿಸಿರುವುದು ಐರೋಪ್ಯ ಒಕ್ಕೂಟ. 2011ರ ನಿರ್ದೇಶನದ ಪ್ರಕಾರ ಒಂದು ಸದಸ್ಯ ದೇಶದ ವೈದ್ಯರು ಬರೆದ ಚೀಟಿಗೆ ಇನ್ನೊಂದು ಸದಸ್ಯ ದೇಶದಲ್ಲೂ ಮಾನ್ಯತೆ ಇದೆ. 2019ರ ಜನವರಿಯಿಂದ ಫಿನ್ಲೆಂಡಿನ ರೋಗಿಗಳು ತಮ್ಮ ವಿದ್ಯುನ್ಮಾನ ಚೀಟಿಯ ಮೇಲೆ ಎಸ್ಟೋನಿಯಾದ ಔಷಧ ಅಂಗಡಿಗಳಲ್ಲಿ ಮಾತ್ರೆ ಪಡೆಯತೊಡಗಿದರು; ಕಾಗದದ ಹಂಗಿಲ್ಲ, ಭಾಷೆಯ ತೊಡಕಿಲ್ಲ. ಮನಸ್ಸು ಮಾಡಿದರೆ ಇದು ಸಾಧ್ಯವೆಂಬುದಕ್ಕೆ ಇದೊಂದೇ ಸಾಕ್ಷಿ ಸಾಕು. ಬ್ರಿಟನ್ನಿನಲ್ಲಿ ಚೀಟಿಯೇ ಇಲ್ಲದೆ, ತೀರಾ ಅಗತ್ಯವೆಂದು ಕಂಡರೆ, ಫಾರ್ಮಸಿಸ್ಟ್ ತಮ್ಮ ವಿವೇಚನೆಯ ಮೇಲೆ ಕೆಲವು ದಿನಗಳಿಗಾಗುವಷ್ಟು ಮಾತ್ರೆ ಕೊಡಬಹುದಾದ ಕಾನೂನು ಇದೆ. ಆದರೆ ಆ ಮಾತ್ರೆಯನ್ನು ಹಿಂದೆ ಬರೆದುಕೊಟ್ಟವರು ಬ್ರಿಟನ್, ಐರೋಪ್ಯ ಆರ್ಥಿಕ ವಲಯ ಅಥವಾ ಸ್ವಿಟ್ಜರ್ಲೆಂಡಿನ ವೈದ್ಯರಾಗಿರಬೇಕೆಂಬ ಷರತ್ತು ಅದಕ್ಕಿರುವುದರಿಂದ, ಜಗತ್ತಿನ ಉಳಿದ ಭಾಗದವರಿಗೆ ಅದರಿಂದ ಪ್ರಯೋಜನವಿಲ್ಲ. ಉಳಿದವರೆಲ್ಲ ಅಲ್ಲಿನ ವೈದ್ಯರನ್ನು ಹುಡುಕಿ, ಸಮಯ ಗೊತ್ತುಮಾಡಿಕೊಂಡು, ಶುಲ್ಕ ತೆತ್ತು, ಹೊಸ ಚೀಟಿ ಬರೆಸಿಕೊಳ್ಳಲೇಬೇಕು.

ಆ ಅಪರಿಚಿತ ವೈದ್ಯರ ಮುಂದೆ ರೋಗಿ ಇಡುವ ಪುರಾವೆ ಎಂಥದ್ದಿರುತ್ತದೆ ಎಂಬುದನ್ನು ನಾನು ಕೌಂಟರಿನ ಈಚೆಯಿಂದ ಸಾಕಷ್ಟು ನೋಡಿದ್ದೇನೆ. ಪರ್ಸಿನಿಂದ ಅರ್ಧ ಸ್ಟ್ರಿಪ್ ಹೊರಬರುತ್ತದೆ. ಔಷಧದ ಹೆಸರು, ಪ್ರಮಾಣ, ಅವಧಿ ಅಚ್ಚಾಗಿದ್ದ ತುದಿಯನ್ನು ಮೊದಲೇ ಕತ್ತರಿಸಿಯಾಗಿರುತ್ತದೆ. ಉಳಿದ ಹಾಳೆಯ ಮೇಲೆ ಬ್ರ್ಯಾಂಡಿನ ಹೆಸರಿನ ಕೊನೆಯ ಮೂರು ಅಕ್ಷರಗಳೋ, ತಯಾರಕರ ಚಿಹ್ನೆಯೋ ಇದ್ದರೆ ಹೆಚ್ಚು. "ಬಿಳಿ ಮಾತ್ರೆ, ಬೆಳಿಗ್ಗೆ ಒಂದು" ಎಂಬುದು ಅದರ ಜೊತೆಗಿನ ವಿವರಣೆ. ಜಗತ್ತಿನ ಬಹುಪಾಲು ಮಾತ್ರೆಗಳು ಬಿಳಿಯವೇ. ಇನ್ನು ವೈದ್ಯರ ಚೀಟಿ ಇದ್ದರೂ ಅದರಲ್ಲಿರುವುದು ಹಲವು ಬಾರಿ ಬ್ರ್ಯಾಂಡಿನ ಹೆಸರು ಮಾತ್ರ, ಅದೂ ನಮ್ಮಂಥವರಿಗೇ ಓದಲು ಅಭ್ಯಾಸ ಬೇಕಾದ ಅಕ್ಷರದಲ್ಲಿ.

ಬ್ರ್ಯಾಂಡಿನ ಹೆಸರನ್ನು ನಂಬುವುದು ಎಷ್ಟು ಅಪಾಯವೆಂದರೆ, ಒಂದೇ ಹೆಸರು ಎರಡು ದೇಶಗಳಲ್ಲಿ ಎರಡು ಬೇರೆ ಔಷಧಗಳಾಗಿರುವುದುಂಟು. ಫ್ಲೋಮ್ಯಾಕ್ಸ್ ಎಂದರೆ ಅಮೆರಿಕದಲ್ಲಿ ಪ್ರಾಸ್ಟೇಟ್ ತೊಂದರೆಗೆ ಕೊಡುವ ಟ್ಯಾಮ್ಸುಲೋಸಿನ್. ಅದೇ ಹೆಸರಿನಲ್ಲಿ ಇಟಲಿಯಲ್ಲಿ ಮಾರಾಟವಾಗುತ್ತಿದ್ದುದು ಊತ ಮತ್ತು ನೋವು ತಗ್ಗಿಸುವ ಬೇರೆಯೇ ಔಷಧ. ಅಮೆರಿಕದಲ್ಲಿ ಡಿಲಕಾರ್ ಎಂದು ಮಾರಾಟವಾಗುತ್ತಿದ್ದುದು ರಕ್ತದೊತ್ತಡಕ್ಕೆ ಕೊಡುವ ಡಿಲ್ಟಿಯಾಜೆಮ್ ಆಗಿದ್ದರೆ, ಸರ್ಬಿಯಾದಲ್ಲಿ ಅದು ಪ್ರಮಾಣ ಸ್ವಲ್ಪ ಏರುಪೇರಾದರೂ ಹೃದಯದ ಬಡಿತವನ್ನೇ ಕೆಡಿಸಬಲ್ಲ ಡಿಜಾಕ್ಸಿನ್. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2006ರಲ್ಲೇ ಈ ಬಗ್ಗೆ ಪ್ರಯಾಣಿಕರನ್ನು ಎಚ್ಚರಿಸಿತ್ತು. ಈ ಗೊಂದಲಕ್ಕೆ ಪರಿಹಾರವೂ ಹೊಸದೇನಲ್ಲ. ಔಷಧಗಳಿಗೆ ಜಗತ್ತಿನಾದ್ಯಂತ ಒಂದೇ ಮೂಲನಾಮ (ಬ್ರ್ಯಾಂಡಿನದಲ್ಲ, ಔಷಧದ್ದೇ ಹೆಸರು) ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಆರಂಭಿಸಿದ ಕೆಲಸದ ಮೊದಲ ಪಟ್ಟಿ ಹೊರಬಂದದ್ದು 1953ರಲ್ಲಿ. ಪ್ಯಾರಸಿಟಮಾಲ್ ಅಮೆರಿಕದಲ್ಲಿ ಅಸೆಟಮಿನೋಫೆನ್ ಆಗುವುದು, ಉಬ್ಬಸದ ಸಾಲ್ಬ್ಯುಟಮಾಲ್ ಅಲ್ಲಿ ಅಲ್ಬ್ಯುಟೆರಾಲ್ ಆಗುವುದು, ಇಂಥ ಕೆಲವು ಅಪವಾದಗಳನ್ನು ಬಿಟ್ಟರೆ ಮೂಲನಾಮ ಬರೆದ ಚೀಟಿಯನ್ನು ಯಾವ ದೇಶದ ಫಾರ್ಮಸಿಸ್ಟ್ ಬೇಕಾದರೂ ಅರ್ಥ ಮಾಡಿಕೊಳ್ಳುತ್ತಾರೆ. ವೈದ್ಯರು ಮಾಡಬೇಕಾದ್ದು ಇಷ್ಟೇ: ಪ್ರಯಾಣ ಹೊರಟ ರೋಗಿಗೆ ಕಾಯಿಲೆಯ ಹೆಸರು, ಔಷಧದ ಮೂಲನಾಮ, ಮಿಲಿಗ್ರಾಂನಲ್ಲಿ ಪ್ರಮಾಣ, ದಿನಕ್ಕೆ ಎಷ್ಟು ಬಾರಿ ಎಂಬುದನ್ನು ಇಂಗ್ಲಿಷಿನಲ್ಲಿ ಅಚ್ಚು ಮಾಡಿಸಿ, ಸಹಿ ಹಾಕಿದ ಒಂದು ಪುಟ ಕೊಡುವುದು. ಕಂಪ್ಯೂಟರು ಮೇಜಿನ ಮೇಲೇ ಇರುವ ಈ ಕಾಲದಲ್ಲಿ ಇದು ಐದು ನಿಮಿಷದ ಕೆಲಸ. ಕೇಳದೆ ಕೊಡುವ ವೈದ್ಯರು ಅಪರೂಪ. ಕೇಳಿದರೆ ಬೇಸರಿಸುವವರೂ ಇದ್ದಾರೆ ಎಂಬುದನ್ನು ವಿಷಾದದಿಂದಲೇ ಹೇಳಬೇಕಾಗಿದೆ.

ಇನ್ಸುಲಿನ್ ತೆಗೆದುಕೊಳ್ಳುವವರ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ವಿಮಾನದ ಸರಕು ಕೋಣೆಯಲ್ಲಿ ತಾಪಮಾನ ಹೆಪ್ಪುಗಟ್ಟುವ ಮಟ್ಟಕ್ಕೆ ಇಳಿಯುವ ಸಾಧ್ಯತೆ ಇರುವುದರಿಂದ ಇನ್ಸುಲಿನನ್ನು ಕೈಚೀಲದಲ್ಲೇ ಇಟ್ಟುಕೊಳ್ಳಬೇಕು; ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಕೆಲಸಕ್ಕೆ ಬಾರದು. ಇದು ಬಹಳ ಮಂದಿಗೆ ಗೊತ್ತಿದೆ. ಗೊತ್ತಿಲ್ಲದಿರುವುದು ಇನ್ನೊಂದು. ಇನ್ಸುಲಿನ್ ಬಾಟಲಿಗಳು ಮಿಲಿಲೀಟರಿಗೆ 40 ಯೂನಿಟ್, 100 ಯೂನಿಟ್ ಎಂಬ ಎರಡು ಪ್ರಮಾಣಗಳಲ್ಲಿ ಬರುತ್ತವೆ, ಸಿರಿಂಜುಗಳ ಗುರುತುಗಳೂ ಅದಕ್ಕೆ ತಕ್ಕಂತೆ ಬೇರೆ ಬೇರೆ. ಹಲವು ದೇಶಗಳಲ್ಲಿ ಈಗ ಸಿಗುವುದು 100 ಯೂನಿಟಿನದು ಮಾತ್ರ. 40ರ ಬಾಟಲಿಗೆ ಒಗ್ಗಿದವರು ಅಲ್ಲಿ ಹೊಸ ಬಾಟಲಿ ಕೊಂಡು, ತಮ್ಮ ಹಳೆಯ ಸಿರಿಂಜಿನಲ್ಲೇ 20ರ ಗುರುತಿನವರೆಗೆ ತುಂಬಿಕೊಂಡರೆ ಒಳಹೋಗುವುದು ಅರ್ಧ ಮಿಲಿಲೀಟರು, ಅಂದರೆ 50 ಯೂನಿಟ್. ಬೇಕಾದುದರ ಎರಡೂವರೆ ಪಟ್ಟು. ಸಕ್ಕರೆಯ ಮಟ್ಟ ಕುಸಿದು ಎಚ್ಚರ ತಪ್ಪಲು ಅಷ್ಟು ಸಾಕು. ಬಾಟಲಿಯನ್ನೂ ಸಿರಿಂಜನ್ನೂ ಜೊತೆಯಾಗಿಯೇ ಕೊಳ್ಳಬೇಕೆಂಬ ಒಂದು ಮಾತನ್ನು ರೋಗಿಗೆ ಹೊರಡುವ ಮೊದಲು ಯಾರಾದರೂ ಹೇಳಬೇಡವೇ?

ಮಾತ್ರೆ ಸಿಗದಿರುವುದು ಒಂದು ಬಗೆಯ ಕಷ್ಟವಾದರೆ, ಕೈಯಲ್ಲಿರುವ ಮಾತ್ರೆಯೇ ಅಪರಾಧವಾಗುವುದು ಇನ್ನೊಂದು ಬಗೆಯದು. ನನ್ನ ಮುಖ್ಯ ದೂರು ಇರುವುದು ಇದರ ಬಗ್ಗೆಯೇ. 1961 ಮತ್ತು 1971ರ ಅಂತರರಾಷ್ಟ್ರೀಯ ಒಪ್ಪಂದಗಳ ಅಡಿಯಲ್ಲಿ ಬಹುತೇಕ ಎಲ್ಲ ದೇಶಗಳೂ ಮಾದಕ ಮತ್ತು ಮನೋಪ್ರಭಾವಿ ಔಷಧಗಳನ್ನು ನಿಯಂತ್ರಿಸುತ್ತವೆ, ಸರಿ. ಆದರೆ ಯಾವ ಔಷಧಕ್ಕೆ ಎಷ್ಟು ಬಿಗಿ ಎಂಬುದು ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಗಮನದ ಕೊರತೆಯ ತೊಂದರೆಗೆ ಅಮೆರಿಕದಲ್ಲಿ ಮಕ್ಕಳಿಗೂ ಬರೆಯುವ ಆ್ಯಂಫೆಟಮಿನ್ ಮಾತ್ರೆಯನ್ನು ಜಪಾನಿಗೆ ಒಯ್ಯುವಂತೆಯೇ ಇಲ್ಲ, ವೈದ್ಯರ ಪತ್ರವಿದ್ದರೂ ಇಲ್ಲ. ನೆಗಡಿಗೆ ಕೊಡುವ ಸುಡೋಎಫೆಡ್ರಿನ್ ಶೇ 10ಕ್ಕಿಂತ ಹೆಚ್ಚಿರುವ ಔಷಧಕ್ಕೂ ಅಲ್ಲಿ ಪ್ರವೇಶವಿಲ್ಲ. ವೈದ್ಯರು ಬರೆದುಕೊಟ್ಟ ಸಾಮಾನ್ಯ ಔಷಧಗಳಾದರೂ ಒಂದು ತಿಂಗಳಿಗಾಗುವಷ್ಟಕ್ಕಿಂತ ಹೆಚ್ಚು ಬೇಕಿದ್ದರೆ ಮೊದಲೇ ಅನುಮತಿ ಪತ್ರ ಪಡೆಯಬೇಕು. ಸಂಯುಕ್ತ ಅರಬ್ ಸಂಸ್ಥಾನಕ್ಕೆ ಟ್ರಮಡಾಲ್, ಕೋಡೀನ್ ಎಂಬ ನೋವುನಿವಾರಕಗಳಿರುವ ಮಾತ್ರೆಗಳನ್ನು ಒಯ್ಯಲು ಅಲ್ಲಿನ ಆರೋಗ್ಯ ಸಚಿವಾಲಯದ ಪೂರ್ವಾನುಮತಿ ಬೇಕು. ಷೆಂಗೆನ್ ದೇಶಗಳ ನಿವಾಸಿಗಳೇ ಇಂಥ ಔಷಧದೊಡನೆ ತಮ್ಮೊಳಗಿನ ಗಡಿ ದಾಟುವಾಗ ಪ್ರತಿ ಔಷಧಕ್ಕೂ ಪ್ರತ್ಯೇಕ ಪ್ರಮಾಣಪತ್ರ ಇಟ್ಟುಕೊಳ್ಳಬೇಕು, ಅದರ ಅವಧಿ 30 ದಿನ.

ಇವು ಕಾಗದದ ಮೇಲಿನ ನಿಯಮಗಳು ಎಂದು ಹಗುರವಾಗಿ ತಳ್ಳಿಹಾಕುವಂತಿಲ್ಲ. 2017ರಲ್ಲಿ ಬ್ರಿಟನ್ನಿನ ಮಹಿಳೆಯೊಬ್ಬರು 290 ಟ್ರಮಡಾಲ್ ಮಾತ್ರೆಗಳೊಡನೆ ಈಜಿಪ್ಟಿನಲ್ಲಿ ಇಳಿದರು. ಬೆನ್ನುನೋವಿನಿಂದ ಬಳಲುತ್ತಿದ್ದ ಸಂಗಾತಿಗೆಂದು ತಂದದ್ದು ಎಂಬ ಅವರ ಮಾತು ನ್ಯಾಯಾಲಯದಲ್ಲಿ ನಿಲ್ಲಲಿಲ್ಲ. ಮೂರು ವರ್ಷ ಜೈಲುಶಿಕ್ಷೆಯಾಯಿತು. 2015ರಲ್ಲಿ ಜಪಾನಿನ ಹೆಸರಾಂತ ಮೋಟಾರು ಕಂಪನಿಯೊಂದರ ವಿದೇಶಿ ಉನ್ನತಾಧಿಕಾರಿಯೊಬ್ಬರನ್ನು ಅಂಚೆಯಲ್ಲಿ ತರಿಸಿದ ಆಕ್ಸಿಕೊಡೋನ್ ಎಂಬ ನೋವುನಿವಾರಕ ಮಾತ್ರೆಗಳಿಗಾಗಿ ಬಂಧಿಸಲಾಯಿತು. ಮೊಕದ್ದಮೆ ಹೂಡದೆ ಬಿಟ್ಟರಾದರೂ, ಅಷ್ಟರಲ್ಲಿ ವಾರಗಳ ಸೆರೆಯೂ ಆಗಿತ್ತು, ಹುದ್ದೆಯೂ ಹೋಗಿತ್ತು. ಸಲಹೆ ಕೊಡಲು ವಕೀಲರ ದಂಡೇ ಇರಬಹುದಾದ ಹುದ್ದೆಯಲ್ಲಿದ್ದವರ ಪಾಡೇ ಇದಾದರೆ, ಮಂಡಿನೋವಿನ ಮಾತ್ರೆಯನ್ನು ಪೊಟ್ಟಣದಲ್ಲಿ ಕಟ್ಟಿಕೊಂಡು ಮಕ್ಕಳನ್ನು ನೋಡಲು ಹೊರಟ ವೃದ್ಧ ದಂಪತಿಗೆ ಈ ನಿಯಮಗಳು ಗೊತ್ತಿರಬೇಕೆಂದು ನಿರೀಕ್ಷಿಸುವುದು ಯಾವ ನ್ಯಾಯ?

ಕಾನೂನು ಗೊತ್ತಿಲ್ಲವೆಂಬುದು ಕ್ಷಮೆಗೆ ಕಾರಣವಾಗದು ಎಂಬ ತತ್ವವನ್ನು ನಾನು ಪ್ರಶ್ನಿಸುತ್ತಿಲ್ಲ. ಆದರೆ ವೀಸಾ ಅರ್ಜಿಯಲ್ಲಿ ಬ್ಯಾಂಕಿನ ಲೆಕ್ಕ ಕೇಳುತ್ತಾರೆ, ಉಳಿಯುವ ಹೋಟೆಲಿನ ವಿಳಾಸ ಕೇಳುತ್ತಾರೆ, ಮರಳುವ ಟಿಕೆಟ್ಟು ಕೇಳುತ್ತಾರೆ. ಬರುವವರು ಯಾವ ಔಷಧ ತರಬಹುದು, ಯಾವುದಕ್ಕೆ ಅನುಮತಿ ಬೇಕು ಎಂಬುದನ್ನು ಅದೇ ಕಾಗದದಲ್ಲಿ ಹೇಳುವ ರೂಢಿ ಮಾತ್ರ ಇಲ್ಲ. ಮಾಹಿತಿ ಇಲ್ಲವೆಂದಲ್ಲ. ಅಂತರರಾಷ್ಟ್ರೀಯ ಮಾದಕವಸ್ತು ನಿಯಂತ್ರಣ ಮಂಡಳಿಯ ಜಾಲತಾಣದಲ್ಲಿ ಅನೇಕ ದೇಶಗಳ ಇಂಥ ನಿಯಮಗಳನ್ನು ಒಟ್ಟುಗೂಡಿಸಿದ್ದಾರೆ. ಆದರೆ ಆ ಮಂಡಳಿಯ ಹೆಸರನ್ನು ಎಷ್ಟು ಪ್ರಯಾಣಿಕರು ಕೇಳಿದ್ದಾರೆ? ಇದ್ದ ಮಾಹಿತಿಯನ್ನು ಬೇಕಾದವರ ಕೈಗೆ ಬೇಕಾದ ಹೊತ್ತಿನಲ್ಲಿ ತಲುಪಿಸುವುದಕ್ಕೆ ಹೊಸ ಇಲಾಖೆಯೂ ಬೇಡ, ಹೊಸ ಕಾನೂನೂ ಬೇಡ.

ಹೋದಲ್ಲಿ ಸಣ್ಣಪುಟ್ಟ ಜ್ವರ, ನೋವಿಗೆ ತಾವೇ ಮಾತ್ರೆ ಕೊಳ್ಳುವವರಿಗೂ ಒಂದು ಮಾತು. ಮೆಟಮಿಜೋಲ್ ಎಂಬ ನೋವುನಿವಾರಕ ಬ್ರಿಟನ್, ಅಮೆರಿಕಗಳಲ್ಲಿ ಮಾರಾಟದಲ್ಲಿಲ್ಲ, ಸ್ಪೇನ್, ಜರ್ಮನಿ, ಬ್ರೆಜಿಲ್‌ಗಳಲ್ಲಿ ಧಾರಾಳವಾಗಿ ಬಳಕೆಯಲ್ಲಿದೆ. ಅಪರೂಪಕ್ಕೆ ಅದು ಬಿಳಿ ರಕ್ತಕಣಗಳನ್ನು ಅಪಾಯಕಾರಿ ಮಟ್ಟಕ್ಕೆ ಇಳಿಸಬಲ್ಲದು. ಸ್ಪೇನಿನ ಔಷಧ ನಿಯಂತ್ರಣ ಸಂಸ್ಥೆಯೇ 2018ರಲ್ಲಿ, ರಕ್ತಪರೀಕ್ಷೆಯ ಮೂಲಕ ನಿಗಾ ಇಡಲಾಗದವರಿಗೆ, ಅಂದರೆ ಬಂದು ಹೋಗುವ ಜನರಿಗೆ, ಅದನ್ನು ಕೊಡಬಾರದೆಂದು ಸೂಚಿಸಿತು. ನೆಗಡಿ, ಮೈಕೈ ನೋವಿನ ಮಿಶ್ರ ಮಾತ್ರೆಗಳಲ್ಲಿ ಪ್ಯಾರಸಿಟಮಾಲ್ ಅಡಗಿರುವುದು ಸಾಮಾನ್ಯ. ಗೊತ್ತಿಲ್ಲದ ಹೆಸರಿನ ಎರಡು ಬಗೆಯ ಮಾತ್ರೆಗಳನ್ನು ಒಟ್ಟಿಗೆ ನುಂಗಿದವರು ವಯಸ್ಕರ ಗರಿಷ್ಠ ಮಿತಿಯಾದ ದಿನಕ್ಕೆ 4 ಗ್ರಾಂ ಅನ್ನು ತಿಳಿಯದೆಯೇ ದಾಟಿರುತ್ತಾರೆ. ಬೀದಿಬದಿಯ ಅಗ್ಗದ ಔಷಧದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಹತ್ತರಲ್ಲಿ ಒಂದು ವೈದ್ಯಕೀಯ ಉತ್ಪನ್ನ ಕಳಪೆ ಅಥವಾ ನಕಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಅಂದಾಜಿಸಿತ್ತು.

ಕೊನೆಗೆ ವಿಮೆ. ಪ್ರಯಾಣ ವಿಮೆಯ ಕರಾರನ್ನು ಸಣ್ಣ ಅಕ್ಷರದವರೆಗೂ ಓದಿದವರಿಗೆ ಗೊತ್ತಿರುತ್ತದೆ: ಮೊದಲೇ ಇದ್ದ ಕಾಯಿಲೆಗೆ ಸಂಬಂಧಿಸಿದ ವೆಚ್ಚವನ್ನು ಬಹಳಷ್ಟು ಕರಾರುಗಳು ಪೂರ್ತಿಯಾಗಿ ಕೈಬಿಡುತ್ತವೆ, ಇಲ್ಲವೇ ಜೀವಕ್ಕೆ ಅಪಾಯವಿದ್ದಾಗ ಮಾತ್ರ ಕೊಡುತ್ತವೆ. ಹೀಗಾಗಿ ಮೂರ್ಛೆರೋಗದವರ ಮಾತ್ರೆ ಕಳೆದುಹೋದಾಗ ವೈದ್ಯರ ಶುಲ್ಕ ಕೊಡಲು ಒಪ್ಪದ ಕಂಪನಿ, ಮಾತ್ರೆಯಿಲ್ಲದೆ ಸೆಳವು ಬಂದು ತೀವ್ರ ನಿಗಾ ಘಟಕ ಸೇರಿದ ಮೇಲೆ ಅದರ ಹತ್ತಾರು ಪಟ್ಟು ಕೊಡಬೇಕಾಗಬಹುದು. ಲೆಕ್ಕದಲ್ಲಿ ಇಷ್ಟು ಜಾಣರಾದವರಿಗೆ ಈ ಲೆಕ್ಕ ಹೊಳೆಯದಿರುವುದು ಆಶ್ಚರ್ಯ. ಒಂದು ಬಾರಿಯ ವೈದ್ಯರ ಭೇಟಿ ಮತ್ತು ಕಳೆದುಹೋದ ನಿತ್ಯದ ಔಷಧದ ಮರುಖರೀದಿಯನ್ನು ಮಿತಿ ಹಾಕಿಯಾದರೂ ಎಲ್ಲ ಪ್ರಯಾಣ ವಿಮೆಗಳಲ್ಲಿ ಸೇರಿಸುವಂತೆ ವಿಮಾ ನಿಯಂತ್ರಕರು ಸೂಚಿಸಬೇಕು.

ಪ್ರಯಾಣಿಕರ ಹೊಣೆ ಇಲ್ಲವೆಂದು ನಾನು ಹೇಳುತ್ತಿಲ್ಲ. ಹೋದ ದೇಶ ಎಷ್ಟು ಒಪ್ಪುತ್ತದೋ ಅಷ್ಟರೊಳಗೆ, ಬೇಕಾದುದಕ್ಕಿಂತ ಒಂದು ವಾರದಷ್ಟು ಹೆಚ್ಚು ಮಾತ್ರೆಯನ್ನು ಮೂಲ ಪೆಟ್ಟಿಗೆಯಲ್ಲೇ, ಕೈಚೀಲದಲ್ಲಿ ಇಟ್ಟುಕೊಳ್ಳುವುದು, ಚೀಟಿಯ ಚಿತ್ರವನ್ನು ಮೊಬೈಲಿನಲ್ಲಿ ಉಳಿಸಿಕೊಳ್ಳುವುದು ಅವರದೇ ಕೆಲಸ. ದ್ರವ ಔಷಧ 100 ಮಿಲಿಲೀಟರಿಗಿಂತ ಹೆಚ್ಚಿದ್ದರೂ ಅಗತ್ಯವೆಂದು ತೋರಿಸಿದರೆ ಬಹುತೇಕ ವಿಮಾನ ನಿಲ್ದಾಣಗಳ ತಪಾಸಣೆಯಲ್ಲಿ ಬಿಡುತ್ತಾರೆ, ಆದರೆ ಅದನ್ನು ಬ್ಯಾಗಿನ ತಳದಲ್ಲಿ ಹುದುಗಿಸಿಡದೆ ಮೊದಲೇ ಹೇಳಬೇಕು. ಇವನ್ನೆಲ್ಲ ಮಾಡಿದ ಮೇಲೂ ಬ್ಯಾಗು ಕಳವಾಗಬಹುದು, ವಿಮಾನ ರದ್ದಾಗಿ ವಾಸ್ತವ್ಯ ಲಂಬಿಸಬಹುದು.

ಆದ್ದರಿಂದ ವೀಸಾ ನೀಡುವ ಎಲ್ಲ ರಾಯಭಾರ ಕಚೇರಿಗಳಿಗೆ ನಿಮ್ಮ ಪತ್ರಿಕೆಯ ಮೂಲಕ ನನ್ನ ಕೋರಿಕೆ ಇಷ್ಟು: ಮಂಜೂರಾದ ವೀಸಾದ ಜೊತೆಗೆ ಒಂದು ಪುಟ ಸೇರಿಸಿ. ಅದರಲ್ಲಿ ಆ ದೇಶಕ್ಕೆ ತರಬಾರದ ಔಷಧಗಳ ಮೂಲನಾಮ, ಅನುಮತಿ ಬೇಕಾದವು ಯಾವುವು, ಅದಕ್ಕೆ ಎಲ್ಲಿ, ಎಷ್ಟು ದಿನ ಮೊದಲು ಅರ್ಜಿ ಹಾಕಬೇಕು ಎಂಬ ವಿವರ, ಮಾತ್ರೆ ಕಳೆದುಕೊಂಡವರು ಕರೆ ಮಾಡಬಹುದಾದ ಒಂದು ದೂರವಾಣಿ ಸಂಖ್ಯೆ, ಇವು ಇದ್ದರೆ ಸಾಕು. ರಾಯಭಾರ ಕಚೇರಿಗಳು ತಡಮಾಡಿದರೆ, ಟಿಕೆಟ್ ಕಾಯ್ದಿರಿಸುವ ವಿಮಾನಯಾನ ಸಂಸ್ಥೆಗಳು ಬ್ಯಾಗಿನ ತೂಕದ ಮಿತಿಯನ್ನು ಇಮೇಲಿನಲ್ಲಿ ಕಳುಹಿಸುವಾಗಲೇ ಇದನ್ನೂ ಕಳುಹಿಸಬಹುದು.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಫಾರ್ಮಸಿಸ್ಟ್